ಆರತಿ ಎತ್ತಿದವಳು

ಲೈಬ್ರರಿಯಲ್ಲಿ ಕಾದು ಕಾದು ತಂದಿದ್ದ ಕಾದಂಬರಿ ಬಸವನಗುಡಿ ಬಸ್ಸಿನಲ್ಲಿ ಮುಗಿಯಿತು. "ಥೂ!" ಅಂದುಬಿಟ್ಟೆ.

ಪಕ್ಕದಲ್ಲಿ ಹೂವಿನ ಬುಟ್ಟಿ ಹಿಡಿದು ಕೂತಿದ್ದ ಅಜ್ಜಿ "ಏನಾಯ್ತಮ್ಮ?" ಅಂದರು.

"ಗಂಡ ಇನ್ನೊಬ್ಬಳ ಜೊತೆ ವರ್ಷಗಟ್ಟಲೆ ಇದ್ದು, ಕಾಯಿಲೆ ಬಿದ್ದ ಮೇಲೆ ವಾಪಸ್ ಬರ್ತಾನೆ. ಇವಳು ಆರತಿ ಎತ್ತಿ ಒಳಗೆ ಕರ್ಕೊಳ್ತಾಳೆ!"

ಅಜ್ಜಿ ಕೆಂಡಾಮಂಡಲವಾದರು. "ಯಾರಮ್ಮ ಅವ್ಳು, ನಿಮ್ಮಕ್ಕನಾ? ನಡೀರಿ, ನಾನೇ ಬಂದು ಅವನ್ನ ಆಚೆ ಹಾಕ್ತೀನಿ!"

"ಅಕ್ಕ ಅಲ್ಲ ಅಜ್ಜಿ, ಕಾದಂಬರಿ. ಎಲ್ರೂ ಇದನ್ನೇ ಹೊಗಳ್ತಿದಾರೆ."

"ಬರೀ ಕಥೇನಾ? ಹಂಗಾದ್ರೆ ಅವಳ ಕೈಲಿ ಬಾಗಿಲು ಹಾಕ್ಸೋಕೆ ಬರೆದೋರಿಗೇನು ರೋಗ?"

ಮನೆಗೆ ಬಂದವಳು ಸಿಟ್ಟಿನಲ್ಲೇ ಕಾಫಿ ಬೆರೆಸುತ್ತಾ ನಮ್ಮ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಪಾಪ, ಕಾಯಿಲೆ ಬಿದ್ದಿದ್ನಲ್ಲ" ಅಂದರು.

ಅವರಿಗೆಂದು ತಂದ ಕಾಫಿಯನ್ನು ಅವರೆದುರೇ ನಿಂತು ನಾನೇ ಕುಡಿದೆ.