ಹಾಸಿಗೆ ಹೊಲಿಯುವವನ ನಿದ್ದೆ

ಊರಿಗೆಲ್ಲ ಹಾಸಿಗೆ ಹೊಲಿದುಕೊಟ್ಟವನಿಗೇ ನಿದ್ದೆ ಬರುವುದಿಲ್ಲ ಎಂದರೆ ಯಾರು ತಾನೇ ನಗುವುದಿಲ್ಲ? ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಭಾವಮೈದುನ, ಅಂಗಡಿಯಲ್ಲಿ ಪಾಲುದಾರ.

"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ ಭಾವ. ನಿಮಗ್ಯಾವ ಚಿಂತೆ? ಅದನ್ನೆಲ್ಲ ನಮ್ಮಕ್ಕನಿಗೇ ವಹಿಸಿದೀರಲ್ಲ!"

ನಿದ್ದೆ ಬಾರದ ಈ ಹಾಸಿಗೆಯವನನ್ನು ಜನ ಗಂಟಣ್ಣ ಎನ್ನುತ್ತಿದ್ದರು. ಮುಖ ಆಗೀಗ ಗಂಟಾಗುತ್ತಿತ್ತು, ನಿಜ, ಆದರೆ ಹೆಸರು ಬಂದದ್ದು ಅದರಿಂದಲ್ಲ. ಮುಗಿದ ಹಾಸಿಗೆಯ ಮೇಲೆ ಒಮ್ಮೆ ಅಂಗೈ ಆಡಿಸಿದರೆ ಸಾಕು, ಒಳಗೆ ಹತ್ತಿ ಎಲ್ಲಿ ಗಂಟುಕಟ್ಟಿದೆ ಎಂದು ಹೇಳಿಬಿಡುತ್ತಿದ್ದ. ಅಂಗಡಿ ನಿಂತದ್ದೇ ಆ ಕೈಯ ಮೇಲೆ. ತೊಂದರೆಯೆಂದರೆ, ಮನೆಗೆ ಬಂದ ಮೇಲೂ ಆ ಕೈ ಸುಮ್ಮನಿರುತ್ತಿರಲಿಲ್ಲ. ಅವನು ಮಲಗಿದನೋ ಇಲ್ಲವೋ, ಬೆರಳು ಗಂಟು ಹುಡುಕಿಕೊಂಡು ಹೊರಡುತ್ತಿತ್ತು. ತನ್ನ ಹಾಸಿಗೆಯನ್ನು ಎಷ್ಟು ಸಲ ಬಿಚ್ಚಿ ಹೊಲಿದನೋ ದೇವರೇ ಬಲ್ಲ. ಹೆಂಡತಿ ತಾಳುವಷ್ಟು ತಾಳಿ, ಕೊನೆಗೆ ದಿಂಬು ಕಂಕುಳಲ್ಲಿಟ್ಟುಕೊಂಡು ಹೊರಗಿನ ಕೋಣೆಗೆ ನಡೆದಳು. ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದವಳೂ ಅವಳೇ.

ಮಾತ್ರೆ ಕೊಡುತ್ತಾರೆಂದು ಗಂಟಣ್ಣ ನೀರಿನ ಬಾಟಲಿ ಹಿಡಿದೇ ಹೋಗಿದ್ದ. ಅಲ್ಲಿದ್ದ ಆಪ್ತಸಮಾಲೋಚಕಿ ಕೊಟ್ಟದ್ದು ಬರೀ ಮಾತು.

"ಹಾಸಿಗೆ ಕಂಡ್ರೆ ನಿಮ್ಮ ಮಿದುಳು ಕೆಲಸ ಶುರು ಅಂತ ತಿಳ್ಕೊಳ್ಳುತ್ತೆ. ನಿದ್ದೆ ಒತ್ತಿಕೊಂಡು ಬರೋವರೆಗೂ ಮಲಗ್ಬೇಡಿ. ಮಲಗಿದ್ಮೇಲೂ ಬರ್ಲಿಲ್ವಾ, ಎದ್ದು ಕುರ್ಚಿ ಮೇಲೆ ಕೂತ್ಕೊಳ್ಳಿ. ಬೆಳಗ್ಗೆ ಮಾತ್ರ ದಿನಾ ಒಂದೇ ಹೊತ್ತಿಗೆ ಏಳಿ."

"ನಿದ್ದೆ ಬರಲ್ಲ ಅಂತ ಬಂದ್ರೆ ಮಲಗ್ಬೇಡ ಅಂತೀರಲ್ಲಮ್ಮಾ?"

"ಹೂಂ. ನಿಧಾನಕ್ಕೆ ಮಿದುಳು ಹೊಸ ಪಾಠ ಕಲಿಯುತ್ತೆ. ಹಾಸಿಗೆ ಕಂಡ್ರೆ ಎಚ್ಚರ ಆಗೋದನ್ನ ಬಿಡುತ್ತೆ."

ಗಂಟಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎಂಬುದನ್ನು ಕೇಳಿದ್ದ, ಹಾಗೆ ಕೆಟ್ಟ ಮನೆಗಳನ್ನು ಕಂಡೂ ಇದ್ದ. ಆದರೆ ಮಾತು ತಲೆಬುರುಡೆಯೊಳಗೆ ಹೊಕ್ಕು ಮಿದುಳು ರಿಪೇರಿ ಮಾಡುತ್ತದೆಯೆ? ಮನೆಯ ದಾರಿಯಲ್ಲಿ ಇನ್ನೂ ದೊಡ್ಡ ಭಯ ಹುಟ್ಟಿತು. ಹಾಸಿಗೆ ಕಂಡರೆ ಎಚ್ಚರಾಗುವುದೇ ಅವನ ಅನ್ನ. ಅದನ್ನೇ ಮಿದುಳು ಬಿಟ್ಟುಬಿಟ್ಟರೆ ಕೈಗೆ ಉಳಿಯುವುದೇನು? ನಿದ್ದೆ ಬೇಕೋ, ಕೈ ಬೇಕೋ?

ಆದರೂ ಹೇಳಿದಂತೆ ಮಾಡಿದ. ಪಕ್ಕದ ಜಾಗ ಖಾಲಿ ಬಿದ್ದಿರುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ, ಅಷ್ಟೇ ಕಾರಣ. ಮೊದಮೊದಲು ಇದ್ದಬದ್ದ ನಿದ್ದೆಯೂ ಹೋಯಿತು. ಹಗಲಲ್ಲಿ ಕತ್ತರಿಗೆ ದಾರ ಪೋಣಿಸಲು ಹೊರಟು ಭಾವಮೈದುನನ ಬಾಯಿಗೆ ಬಿದ್ದ. ವಾರ ವಾರ ಹೋಗಿ ಅದೇ ಮಾತು ಕೇಳಿ ಬಂದ. ಯಾವಾಗ ಏನಾಯಿತೋ, ಒಂದು ಬೆಳಗ್ಗೆ ಎದ್ದರೆ ಮಲಗಿದ್ದೇ ನೆನಪಿಲ್ಲ. ಹೆಂಡತಿಯ ದಿಂಬು ಒಳಗೆ ಬಂತು.

ಹೀಗೆ ಸುಖವಾಗಿರುವಾಗ, ಒಂದು ದಿನ ಹಾಸಿಗೆ ಕೊಡವುತ್ತಿದ್ದ ಹೆಂಡತಿ ಕೂಗಿದಳು. "ರೀ, ನೀವು ಮಲಗೋ ಕಡೆ ಇಷ್ಟು ದಪ್ಪ ಗಂಟಿದೆ. ಒತ್ತಲ್ವಾ?"

ಮುಟ್ಟಿ ನೋಡಿದ. ಗೋಲಿಯಷ್ಟಿತ್ತು, ಸರಿಯಾಗಿ ಭುಜದ ಕೆಳಗೆ. ಅದರ ಮೇಲೆಯೇ ಇಷ್ಟು ದಿನ ಗೊರಕೆ ಹೊಡೆದಿದ್ದಾನೆ! ಹಾಗಾದರೆ ಕೈ ಹೋಗಿಯೇ ಬಿಟ್ಟಿತೆ? ತಿಂಡಿ ಬಿಟ್ಟು ಅಂಗಡಿಗೆ ಓಡಿದ.

ಸಿದ್ಧವಾಗಿದ್ದ ಹಾಸಿಗೆಯೊಂದರ ಮೇಲೆ ಅಂಗೈ ಆಡಿಸಿದ. ಏನೂ ಸಿಗಲಿಲ್ಲ. ಇನ್ನೊಂದರಲ್ಲೂ ಇಲ್ಲ. ಕೈ ಸತ್ತಿತೋ, ಇಲ್ಲಾ ಭಾವಮೈದುನ ಕೊನೆಗೂ ಕೆಲಸ ಕಲಿತನೋ? ಎರಡನೆಯದು ನಂಬುವ ಮಾತಲ್ಲ.

"ಇದ್ರಲ್ಲಿ ಗಂಟಿದೆಯೇನೋ?"

"ನಾನು ಮಾಡಿದ್ರಲ್ಲಿ ಗಂಟಾ?" ಭಾವಮೈದುನ ಎದೆಯುಬ್ಬಿಸಿದ.

ಗಂಟಣ್ಣನಿಗೆ ಅಳು ಬರುವಂತಾಯಿತು. ಗೋಡೆಗೆ ಒರಗಿಸಿದ್ದ ಕೊನೆಯದನ್ನೂ ಸವರಿದ. ಮೂಲೆಗೆ ಬಂದ ಬೆರಳು ತಾನಾಗಿ ನಿಂತಿತು.

"ಬಿಚ್ಚೋ ಇಲ್ಲಿ!"

ಬಿಚ್ಚಿದರೆ ಒಳಗೆ ದಾರದ ಉಂಡೆ. ಗಂಟಣ್ಣ ಭಾವಮೈದುನನನ್ನು ತಬ್ಬಿಕೊಂಡು, ಅವನ ಕಳಪೆ ಕೆಲಸಕ್ಕೆ ಮೊದಲ ಬಾರಿ ಕೈಮುಗಿದ.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದ. ಆಪ್ತಸಮಾಲೋಚಕಿ ಸಮಾಧಾನವಾಗಿ ಹೇಳಿದಳು: "ಮಿದುಳು ಏನೂ ಮರೆತಿಲ್ಲ. ಎಲ್ಲಿ ಎಚ್ಚರ ಬೇಕು, ಎಲ್ಲಿ ಬೇಡ ಅಂತ ಬೇರೆ ಮಾಡ್ಕೊಂಡಿದೆ."

"ಅದಕ್ಕೆ ಹೇಳಿದ್ಯಾರು?"

"ನೀವೇ. ಎದ್ದೆದ್ದು ಕುರ್ಚಿಗೆ ಹೋದ್ರಲ್ಲ."

"ನಾನೇನೂ ಹೇಳೇ ಇಲ್ವಲ್ಲಮ್ಮಾ!"

"ಒಳಗೆ ಎಲ್ಲಾ ಹೇಗೆ ನಡೆಯುತ್ತೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ," ಎಂದು ಅವಳು ನಕ್ಕಳು. ತಿಳಿಯದವರು ಇಬ್ಬರಾದೆವಲ್ಲ ಎಂದುಕೊಂಡು ಗಂಟಣ್ಣ ಮನೆಗೆ ಬಂದ.

ಹೆಂಡತಿ ಸೂಜಿ, ಕತ್ತರಿ ತೆಗೆದಿಟ್ಟುಕೊಂಡು ಕಾಯುತ್ತಿದ್ದಳು. "ಆ ಗಂಟು ತೆಗೆದ್ಬಿಡಿ."

ಗಂಟಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಇಲ್ಲೊಂದು ಹೊಲಿಗೆ ಹಾಕಿದರೆ ಮಿದುಳು ಏನೆಂದುಕೊಳ್ಳುತ್ತದೋ, ಯಾರಿಗೆ ಗೊತ್ತು?

"ನೀನೇ ತೆಗಿ."

ಮದುವೆಯಾದಂದಿನಿಂದ ಅವಳಿಗೆ ಒಂದು ದಿಂಬು ಹೊಲಿಯಲೂ ಬಿಟ್ಟವನಲ್ಲ. ಅವಳು ಅವನ ಮುಖವನ್ನೇ ನೋಡಿ, ಸೂಜಿ ಎತ್ತಿಕೊಂಡಳು. ಗಂಟು ಹೋಯಿತು. ಹೊಲಿಗೆ ಮಾತ್ರ ಅಂಕುಡೊಂಕು.

"ಹೇಗಿದೆ?" ಎಂದಳು, ಹೆದರುತ್ತಲೇ.

"ನನ್ನೇನು ಕೇಳ್ತೀಯಾ," ಎಂದ ಗಂಟಣ್ಣ, "ನಾನು ಮಲಗೋಕೆ ಬಂದವ್ನು."