ರಬ್ಬರ್ ಹಗ್ಗದ ಕಾಕು

ಹೋದ ವಾರ ಆಫೀಸಿನಿಂದ ಬರುವಷ್ಟರಲ್ಲಿ ಬಾಗಿಲ ಮುಂದೆ ಒಂದು ಪೊಟ್ಟಣ ಬಿದ್ದಿತ್ತು. ನನ್ನ ಗಂಡ ವ್ಯಾಯಾಮಕ್ಕೆಂದು ತರಿಸಿದ್ದು. ಕತ್ತರಿಯಿಂದ ಸೀಳಿದ್ದೇ ತಡ, ಹೊಸ ರಬ್ಬರಿನ ವಾಸನೆ, ಟ್ಯೂಬುಗಳು ಒಂದಕ್ಕೊಂದು ಅಂಟದಿರಲೆಂದು ಸವರಿದ ಪೌಡರಿನ ವಾಸನೆ, ಎರಡೂ ಸೇರಿ ಮಾದಾಪುರದ ನಮ್ಮ ಫ್ಲ್ಯಾಟಿನ ತುಂಬ ಹರಡಿದವು. ಹಳದಿ, ಹಸಿರು, ಕೆಂಪು, ನೀಲಿ, ಕಪ್ಪು ಟ್ಯೂಬುಗಳು, ಒಂದಕ್ಕಿಂತ ಒಂದು ಬಿಗಿ. ಒಂದು ಜೊತೆ ಹಿಡಿಕೆ, ಕಾಲಿಗೆ ಕಟ್ಟುವ ಪಟ್ಟಿ, ಬಾಗಿಲಿಗೆ ಸಿಕ್ಕಿಸುವ ದಪ್ಪ ಪಟ್ಟಿಯ ತುಂಡು.

"ಇದನ್ನ ಎಲ್ಲಿ ಸಿಕ್ಕಿಸೋದು, ಹೇಗೆ ಎಳೆಯೋದು ಅಂತ ವಿಡಿಯೋ ನೋಡ್ಬೇಕು" ಎಂದರು ಗಂಡ. ಮೂಗಿಗೆ ಬಡಿದ ಆ ವಾಸನೆ ನನ್ನನ್ನು ಆಗಲೇ ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯ ಒಂದು ತಾರಸಿಗೆ ಕರೆದೊಯ್ದಿತ್ತು. ಅಲ್ಲಿ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು, ಕಿಟಕಿಯ ಸರಳಿಗೆ ಕಟ್ಟಿದ ಟ್ಯೂಬಿನ ಎದುರು ಕಾಕು ನಿಂತಿದ್ದರು...

ಕಾಕು ಅಂದರೆ ಚಿಕ್ಕಮ್ಮ, ಆದರೆ ಅವರು ನನಗೆ ಸಂಬಂಧಿಯಲ್ಲ. ಮೈಸೂರಿನಿಂದ ಈ ತೆಲುಗು ನಾಡಿಗೆ ಬಂದು ಮಾದಾಪುರದ ಒಂದು ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಸೇರಿದ ಹೊಸದರಲ್ಲಿ, ಅವರ ಮನೆಯ ತಾರಸಿಯ ಮೇಲಿದ್ದ ಒಂಟಿ ಕೋಣೆಗೆ ನಾನು ಬಾಡಿಗೆಗೆ ಹೋಗಿದ್ದೆ. ಕೆಳಗಿನ ಮಹಡಿಯಲ್ಲಿ ಕಾಕು, ಕಾಕಾ ಇಬ್ಬರೇ. ಬೀದರಿನ ಕಡೆಯವರು. ಬೇಗಂ ಬಜಾರಿನಲ್ಲಿ ಕಾಕಾ ಮತ್ತು ಅವರ ಅಣ್ಣನದು ಪಾತ್ರೆಗಳ ಸಗಟು ಅಂಗಡಿ. ಕಾಕು ಮನೆಯೊಳಗೆ ಕನ್ನಡ, ಗಲ್ಲಿಯಲ್ಲಿ ಹಿಂದಿ, ತರಕಾರಿಯವಳ ಜೊತೆ ತೆಲುಗು ಮಾತಾಡುತ್ತಿದ್ದರು. ನನ್ನ ಮೈಸೂರು ಕನ್ನಡ ಕೇಳಿ "ಎಷ್ಟು ಮೆತ್ತಗ ಮಾತಾಡ್ತೀ ತಂಗಿ, ಬೈದರೂ ಹೊಗಳಿದಂಗ ಇರ್ತದ" ಎಂದು ನಗುತ್ತಿದ್ದರು. ಗಿಡ್ಡ ಆಳು, ಸಣ್ಣ ಮೈಕಟ್ಟು. ಕಾಕಾ ಗಾತ್ರದಲ್ಲಿ ಇವರ ಎರಡರಷ್ಟು.

ಕಾಕಾ ಅವರಿಗೆ ಗಾಳಿಪಟದ, ಅವರ ಮಾತಲ್ಲಿ ಪತಂಗದ, ಹುಚ್ಚು. ದೀಪಾವಳಿ ಮುಗಿದದ್ದೇ ಅವರ ಬಾಯಲ್ಲಿ ಸಂಕ್ರಾಂತಿಯ ಮಾತು ಶುರುವಾಗುತ್ತಿತ್ತು. ನಾನು ಹೋದ ಮೊದಲ ವರ್ಷ ಹಬ್ಬದ ದಿನ ನನ್ನ ಕೋಣೆಯ ಬಾಗಿಲು ತೆಗೆದರೆ ಆಕಾಶದ ತುಂಬ ಪತಂಗಗಳು, ಸುತ್ತಲಿನ ತಾರಸಿಗಳ ತುಂಬ ಜನ. ಕಾಕಾ ಗಾಜಿನ ಪುಡಿ ಸವರಿದ ದಾರ ಎಳೆದು ಬಿಟ್ಟು ಮಾಡುತ್ತಿದ್ದರೆ, ಕಾಕು ದಾರದ ಸುರುಳಿ, ಅವರು ಚರಕ ಅನ್ನುತ್ತಿದ್ದದ್ದು, ಹಿಡಿದು ಹಿಂದೆ ನಿಂತಿದ್ದರು. "ಲಗ್ನ ಆದಾಗಿಂದ ಇದ ನನ್ನ ನೌಕರಿ. ಪತಂಗ ಅವರದು, ಸುತ್ತೋದು ನಂದು" ಎಂದಿದ್ದರು.

ಆ ವರ್ಷದ ಮಳೆಗಾಲದಲ್ಲಿ ಕಾಕಾ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆಯಿಂದ ಬಂದಾಗ ಎಡಗೈ, ಎಡಗಾಲಿನಲ್ಲಿ ಶಕ್ತಿಯಿರಲಿಲ್ಲ, ಮಾತು ತೊದಲುತ್ತಿತ್ತು. ಎತ್ತಿ ಕೂರಿಸಲು ಒಬ್ಬ ಆಳು ಬರುತ್ತಿದ್ದ, ವ್ಯಾಯಾಮ ಮಾಡಿಸಲು ಫಿಜಿಯೋಥೆರಪಿಯ ಹುಡುಗಿ ಬರುತ್ತಿದ್ದಳು. ಕೆಲವು ವಾರಗಳಾದ ಮೇಲೆ ಆಳು ಬೇರೆ ಕಡೆ ಕೆಲಸ ಸಿಕ್ಕಿತೆಂದು ಬರುವುದನ್ನು ನಿಲ್ಲಿಸಿದ. ಇನ್ನೊಬ್ಬ ಸಿಗುವ ತನಕ ತಾವೇ ನೋಡಿಕೊಳ್ಳುವುದೆಂದು ಕಾಕು ಹೊರಟರು.

ಒಂದು ಬೆಳಿಗ್ಗೆ ನಾನು ಆಫೀಸಿಗೆ ಹೊರಡುವಾಗ ಕೆಳಗೆ ದೊಪ್ಪೆಂದು ಸದ್ದಾಯಿತು. ಓಡಿಹೋದೆ. ಮಂಚಕ್ಕೂ ಕುರ್ಚಿಗೂ ನಡುವೆ ಇಬ್ಬರೂ ನೆಲದ ಮೇಲಿದ್ದರು. ಕಾಕಾ ಅವರ ತಲೆ ನೆಲಕ್ಕೆ ಬಡಿಯದಂತೆ ಕಾಕು ತಮ್ಮ ತೊಡೆಯ ಮೇಲೆ ಹಿಡಿದುಕೊಂಡಿದ್ದರು. ಕಾಕು ಅವರ ಮೊಣಕೈ ತರಚಿ ರಕ್ತ ಬರುತ್ತಿತ್ತು. ನನ್ನ ಮುಖ ನೋಡಿ, "ಗಾಬರಿ ಆಗಬ್ಯಾಡ ತಂಗಿ. ಬಿದ್ದಿಲ್ಲ, ಕುಂತೀವಿ" ಅಂದರು. ಕಾಕಾ ಗೋಡೆಯ ಕಡೆ ಮುಖ ತಿರುಗಿಸಿ ಅಳುತ್ತಿದ್ದರು.

ಸುದ್ದಿ ತಿಳಿದು ಸಂಜೆ ಕಾಕಾ ಅವರ ಅಣ್ಣ ಬಂದರು. ಕೆಟ್ಟ ಮನುಷ್ಯರಲ್ಲ, ತಮ್ಮನ ಮೇಲೆ ಜೀವ ಇಟ್ಟುಕೊಂಡವರು. "ಊರ ಹೊರಗ ರೋಗಿಗಳ್ನ ನೋಡ್ಕೊಳ್ಳೋ ಒಂದು ಹೋಮ್ ಐತಿ. ಎತ್ತಿ ಇಳಸಾಕ ಅಲ್ಲಿ ಮಂದಿ ಇರ್ತಾರ. ನೀ ಒಬ್ಬಾಕಿ ಏನ್ ಮಾಡ್ತಿ? ನಾಳೆ ಇಬ್ಬರೂ ಹಾಸಿಗಿ ಹಿಡೀತೀರಿ" ಎಂದರು.

ಕಾಕು ಚಹಾದ ಕಪ್ಪನ್ನು ಅವರ ಮುಂದಿಟ್ಟರು. ಆಮೇಲೆ, "ಸಂಕ್ರಾಂತಿ ತನಕ ನನಗ ಬಿಡ್ರಿ ಭಾವಾರ" ಅಂದರು. "ಸಂಕ್ರಾಂತಿಗೆ ಅವರನ್ನ ಮಾಳಗಿ ಮ್ಯಾಲೆ ನಡಸಿಕೊಂಡು ಹೋಗ್ತೀನಿ. ಆಗಲಿಲ್ಲಂದ್ರ ನೀವು ಹೇಳಿದಂಗ."

ಆ ಮಾತು ಹೇಳುವಾಗ ಅದು ಹೇಗೆ ಸಾಧ್ಯವೆಂಬುದು ಕಾಕು ಅವರಿಗೂ ಗೊತ್ತಿರಲಿಲ್ಲ. ಮರುದಿನ ಬಟ್ಟೆ ಒಣಹಾಕಲು ಮೇಲೆ ಬಂದಾಗ, ನಾನು ನನ್ನ ಕೋಣೆಯ ಕಿಟಕಿಯ ಸರಳಿಗೆ ಟ್ಯೂಬು ಕಟ್ಟಿ ಎಳೆಯುತ್ತಿದ್ದುದನ್ನು ನೋಡಿದರು. ಬಕೆಟ್ಟು ಕೆಳಗಿಟ್ಟರು.

"ಇದೇನು, ರಬ್ಬರ ಹಗ್ಗ?"

"ವ್ಯಾಯಾಮಕ್ಕೆ ಕಾಕು. ತೋಳಿಗೆ, ಬೆನ್ನಿಗೆ ಶಕ್ತಿ ಬರುತ್ತೆ. ಜಿಮ್ಮಿಗೆ ಹೋಗೋಕೆ ಪುರುಸೊತ್ತಿಲ್ಲ ಅಂತ ತರಿಸಿದೆ."

"ಕಾಲಿಗೂ ಬರ್ತದೇನು?"

"ಬರುತ್ತೆ. ಇದರ ಮೇಲೆ ನಿಂತುಕೊಂಡು, ಹಿಡಿಕೆ ಭುಜದ ಹತ್ತಿರ ಹಿಡಿದು ಕೂತು ಏಳಬೇಕು."

ಕಾಕು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡರು. "ಹಂಗಾರ ಕಲಸು" ಅಂದರು.

ಫಿಜಿಯೋ ಹುಡುಗಿಗೆ ಹೇಳಿದಾಗ ಅವಳಿಗೆ ಖುಷಿಯೋ ಖುಷಿ. ಮನುಷ್ಯರನ್ನು ಎಬ್ಬಿಸುವುದು ಬೆನ್ನಿನಿಂದಲ್ಲ, ತೊಡೆಯಿಂದ ಎಂದು ಅವಳು ತೋರಿಸಿಕೊಟ್ಟಳು. ಕಾಕಾ ಅವರ ಸೊಂಟಕ್ಕೆ ಹಿಡಿಯಿರುವ ದಪ್ಪ ಬೆಲ್ಟು ಕಟ್ಟುವುದು, ಅವರ ಸೋತ ಮೊಣಕಾಲಿಗೆ ತಮ್ಮ ಮೊಣಕಾಲು ಆನಿಸಿ ನಿಲ್ಲುವುದು, ಮುಂದಕ್ಕೆ ಬಾಗಿಸಿ ಒಟ್ಟಿಗೆ ಏಳುವುದು. "ಆದರೆ ಮೊದಲು ನಿಮ್ಮ ಕಾಲು ಗಟ್ಟಿಯಾಗಬೇಕು" ಎಂದು ತೆಲುಗಿನಲ್ಲಿ ಹೇಳಿದಳು. ಕಾಕು ಆಗಲೇ ಹಳದಿ ಟ್ಯೂಬನ್ನು ಕೈಗೆ ಸುತ್ತಿಕೊಂಡಿದ್ದರು.

ಎಂಥ ದಿನಗಳು ಅವು... ಸಂಜೆ ಆಫೀಸು ಬಿಟ್ಟರೆ ಮೆಟ್ರೋದಲ್ಲಿ ನನಗೆ ಕೂರಲು ಆಗುತ್ತಿರಲಿಲ್ಲ. ಸುಲ್ತಾನ್ ಬಜಾರ್ ಬರುವ ತನಕ ಬಾಗಿಲ ಹತ್ತಿರವೇ ನಿಂತಿರುತ್ತಿದ್ದೆ. ಬಳೆ ಅಂಗಡಿ, ಬಟ್ಟೆ ಅಂಗಡಿಗಳ ಗಿಜಿಗಿಜಿಯಲ್ಲಿ ನುಗ್ಗಿಕೊಂಡು ಮನೆ ಮುಟ್ಟಿದರೆ ಕಾಕು ಮೆಟ್ಟಿಲ ಮೇಲೆಯೇ ಕಾಯುತ್ತಿರುತ್ತಿದ್ದರು. ಸೀರೆ ಕಾಲಿಗೆ ಸಿಕ್ಕುತ್ತದೆಂದು ನನ್ನದೊಂದು ಹಳೆಯ ಟ್ರ್ಯಾಕ್ ಪ್ಯಾಂಟನ್ನು ಒಳಗೆ ಹಾಕಿಕೊಂಡು, ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟುತ್ತಿದ್ದರು. ಮೊದಮೊದಲು ಹಳದಿ ಎಳೆಯುವಾಗಲೇ ತೋಳು ನಡುಗುತ್ತಿತ್ತು. ಮರುದಿನ ಬೆಳಿಗ್ಗೆ "ಜುಟ್ಟು ಕಟ್ಟಾಕ ಕೈ ಮ್ಯಾಲೆ ಏಳವಲ್ದು" ಎಂದು ನನ್ನಿಂದ ಜಡೆ ಹಾಕಿಸಿಕೊಂಡರು. ಆದರೆ ಸಂಜೆ ಮತ್ತೆ ಹಾಜರು.

ಕಾಕಾ ನೋಡಲೆಂದು ಒಮ್ಮೊಮ್ಮೆ ಕೆಳಗೆ ಅವರ ಕೋಣೆಯಲ್ಲೇ ಎಳೆಯುತ್ತಿದ್ದೆವು. ದಪ್ಪ ಪಟ್ಟಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಕಾಕು ಮೈಯೆಲ್ಲ ಹಿಂದಕ್ಕೆ ಹಾಕಿ ಎಳೆಯುತ್ತಿದ್ದಾಗ ಒಂದು ದಿನ ಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದು ಬಾಗಿಲು ತಳ್ಳಿಬಿಟ್ಟರು. ಪಟ್ಟಿ ಕಿತ್ತು ಬಂತು. ಟ್ಯೂಬು ಚಟಾರನೆ ಹಾರಿ ಕಪಾಟಿನ ಮೇಲಿದ್ದ ಸ್ಟೀಲಿನ ಡಬ್ಬಿಗೆ ಬಡಿಯಿತು, ಕಾಕು ನನ್ನ ಮೇಲೆ ಬಿದ್ದರು, ಪಕ್ಕದ ಮನೆಯವರು ಸಕ್ಕರೆ ಮರೆತು ಓಡಿದರು. ಆಸ್ಪತ್ರೆಯಿಂದ ಬಂದ ಮೇಲೆ ಕಾಕಾ ಮೊದಲ ಸಲ ನಕ್ಕಿದ್ದು ಆವತ್ತು. ವಾರೆಯಾದ ಬಾಯಿಂದ, ಕಣ್ಣಲ್ಲಿ ನೀರು ಬರುವ ತನಕ. ಅಲ್ಲಿಂದ ಮುಂದೆ ಚಿಲಕ ಹಾಕದೆ ನಾವು ಬಾಗಿಲಿಗೆ ಏನನ್ನೂ ಸಿಕ್ಕಿಸಲಿಲ್ಲ.

ಆ ನಗುವಿನ ಮರುದಿನ ಕಾಕಾ ಬಲಗೈ ಚಾಚಿದರು. "ನನಗೂ... ಕೊಡು." ಮಂಚದ ಕಾಲಿಗೆ ಹಳದಿ ಟ್ಯೂಬು ಕಟ್ಟಿ ಅವರ ಕೈಗೆ ಕೊಟ್ಟೆವು. ಫಿಜಿಯೋ ಹುಡುಗಿ ಎಡ ಪಾದಕ್ಕೆ ಪಟ್ಟಿ ಹಾಕಿ, ಟ್ಯೂಬಿನ ಆಸರೆಯಲ್ಲಿ ಕಾಲು ಸರಿಸುವುದನ್ನು ಹೇಳಿಕೊಟ್ಟಳು. ಗಂಡ ಹೆಂಡತಿಗೆ ಪೈಪೋಟಿ ಬಿತ್ತು. "ನಂದು ಕೆಂಪು ಆತು, ನೀವಿನ್ನೂ ಹಳದಿ ಮ್ಯಾಲೇ ಅದೀರಿ" ಎಂದು ಕಾಕು ಕೆಣಕುತ್ತಿದ್ದರು. "ತಡಿ... ತಡಿ" ಎನ್ನುತ್ತಿದ್ದರು ಕಾಕಾ. ಕಾಕು ಕೆಂಪಿನಿಂದ ನೀಲಿಗೆ ಹೋದರು. ಅನ್ನದ ದೊಡ್ಡ ತಪ್ಪಲೆ ಎತ್ತುವಾಗ ಅವರ ತೋಳಿನಲ್ಲಿ ಸ್ನಾಯುವಿನ ಸಣ್ಣ ಉಬ್ಬೊಂದು ಏಳುವುದನ್ನು ಕಂಡು ನಾನು ಮುಟ್ಟಿ ನೋಡಿದೆ. ಕಾಕು ನಾಚಿಕೊಂಡು ಸೆರಗು ಹೊದ್ದರು. ಆಮೇಲೆ ಸೆರಗು ಸರಿಸಿ ತಾವೂ ಮುಟ್ಟಿ ನೋಡಿಕೊಂಡರು.

ಮೊದಲ ಸಲ ಅವರು ಕಾಕಾ ಅವರನ್ನು ಒಬ್ಬರೇ ಎಬ್ಬಿಸಿದಾಗ ನಾನು ಅಲ್ಲೇ ಇದ್ದೆ, ಬಿದ್ದರೆ ಹಿಡಿಯಲೆಂದು ಕೈ ಮುಂದೆ ಚಾಚಿಕೊಂಡು. ಮೊಣಕಾಲಿಗೆ ಮೊಣಕಾಲು, ಬೆಲ್ಟಿಗೆ ಕೈ. ಕಾಕು ಉಸಿರು ಎಳೆದುಕೊಂಡರು. ಕಾಕಾ ಮೆಲ್ಲಗೆ ಮೇಲೆದ್ದರು, ಒಮ್ಮೆ ತೂಗಿದರು, ನಿಂತರು. ಕಾಕು ಅವರ ಎದೆಯ ಹತ್ತಿರ ತಲೆ ಇಟ್ಟುಕೊಂಡೇ, "ನಿಂತ್ರಿ" ಅಂದರು. ಮತ್ತೆ, ತಮಗೆ ತಾವೇ ಹೇಳಿಕೊಂಡಂತೆ, "ನಿಂತ್ರಲ್ರಿ..."

ಅದಾದ ಮೇಲೆ ಕೋಣೆಯಿಂದ ಅಡುಗೆಮನೆ, ಅಡುಗೆಮನೆಯಿಂದ ಮೆಟ್ಟಿಲು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಕಾಕಾ ಬಲಗೈಯಿಂದ ಕಂಬಿ ಹಿಡಿದರೆ ಕಾಕು ಹಿಂದಿನಿಂದ ಬೆಲ್ಟು ಹಿಡಿಯುತ್ತಿದ್ದರು. ಒಂದು ದಿನ ಎರಡು ಮೆಟ್ಟಿಲು ಹತ್ತಿ ಇಳಿದರು, ಇನ್ನೊಂದು ದಿನ ಮೆಟ್ಟಿಲು ತಿರುಗುವ ತನಕ. ಅದರಾಚೆ ಹೋಗಿರಲಿಲ್ಲ, ಅಷ್ಟರಲ್ಲಿ ಸಂಕ್ರಾಂತಿ ಬಂದೇಬಿಟ್ಟಿತು.

ಹಬ್ಬದ ದಿನ ಕಾಕಾ ಅವರ ಅಣ್ಣ ಕುಸುರೆಳ್ಳು ತೆಗೆದುಕೊಂಡು ಬಂದರು. ಎಳ್ಳು ಕೊಟ್ಟು, ತಮ್ಮನನ್ನು ನೋಡಿ, "ಹಬ್ಬದ ದಿನ ಹಟ ಬ್ಯಾಡ. ಕೆಳಗ ಕುಂತು ಕಿಟಕ್ಯಾಗ ನೋಡಿದರಾತು" ಎಂದರು. ಕಾಕು ಆಗಲೇ ಬೆಲ್ಟು ಬಿಗಿಯುತ್ತಿದ್ದರು. ತಾರಸಿಗಳ ಮೇಲಿನ ಹಾಡು, ಕೂಗು ಮೆಟ್ಟಿಲ ಬಾಯಿಂದ ಕೆಳಗಿಳಿದು ಬರುತ್ತಿತ್ತು. ಕಾಕಾ ಒಂದೊಂದೇ ಮೆಟ್ಟಿಲು ಹತ್ತಿದರು. ತಿರುವಿನಲ್ಲಿ ಎಡಪಾದ ಮೆಟ್ಟಿಲಂಚಿಗೆ ಸಿಕ್ಕಿ ಮೈ ಹಿಂದಕ್ಕೆ ವಾಲಿತು. ಮೇಲಿನ ಮೆಟ್ಟಿಲಲ್ಲಿದ್ದ ಅಣ್ಣ ಕೈ ಚಾಚಿದರು.

"ಕೈ ಹಚ್ಚಬ್ಯಾಡ್ರಿ ಭಾವಾರ" ಅಂದರು ಕಾಕು ಕೆಳಗಿನಿಂದ, ಹಲ್ಲು ಕಚ್ಚಿಕೊಂಡು. "ಅವರು ಹತ್ತತಾರ."

ಕಾಕಾ ಅವರ ಭಾರವೆಲ್ಲ ಕಾಕು ಮೇಲಿತ್ತು. ಕಾಕು ಅವರ ಕಾಲು ಕದಲಲಿಲ್ಲ. ಮೆಲ್ಲಗೆ ಮುಂದಕ್ಕೆ ತಳ್ಳಿದರು. ಕಾಕಾ ಕಂಬಿ ಎಳೆದುಕೊಂಡರು, ಪಾದ ಬಿಡಿಸಿಕೊಂಡಿತು. ಉಳಿದ ಮೆಟ್ಟಿಲುಗಳು ಹೇಗೆ ಮುಗಿದವೋ, ನಾನಂತೂ ಉಸಿರು ಬಿಟ್ಟದ್ದು ಬಿಸಿಲು ಮುಖಕ್ಕೆ ಬಿದ್ದಾಗಲೇ.

ಕುರ್ಚಿಯಲ್ಲಿ ಕೂತ ಕಾಕಾ ಬಹಳ ಹೊತ್ತು ಆಕಾಶವನ್ನೇ ನೋಡಿದರು. ಆಮೇಲೆ ಬಲಗೈ ಚಾಚಿದರು. ನಾನು ಆ ತುದಿಯಿಂದ ಪತಂಗ ತೂರಿದೆ, ಗಾಳಿ ಅದನ್ನು ಎತ್ತಿಕೊಂಡಿತು. ಚರಕ ನನ್ನ ಕೈಗೆ ಬಂತು. ಸ್ವಲ್ಪ ಹೊತ್ತಿಗೆ ಪಕ್ಕದ ಗಲ್ಲಿಯ ದೊಡ್ಡ ಕೆಂಪು ಪತಂಗವೊಂದು ನಮ್ಮ ದಾರದ ಮೇಲೆ ಬಂದು ಬಿತ್ತು. ಪೇಂಚ್. ಈಗ ಇಬ್ಬರಲ್ಲಿ ಒಬ್ಬರ ದಾರ ಕಡಿಯಲೇಬೇಕು. ಕಾಕಾ ದಾರ ಸಡಿಲ ಬಿಡುತ್ತ ಬಂದರು. ಅದಕ್ಕೆ ಒಂದು ಕೈ ಸಾಕು. ಆದರೆ ಇದ್ದಕ್ಕಿದ್ದಂತೆ ಗಾಳಿ ಬಿದ್ದುಹೋಯಿತು. ಈಗ ಸರಸರ ಎಳೆಯಬೇಕು, ಅದಕ್ಕೆ ಎರಡು ಕೈ ಬೇಕು. "ಖೇಂಚ್... ಖೇಂಚ್", ಎಳೆ ಎಳೆ ಎಂದು ತೊದಲುತ್ತ ಕಾಕಾ ಕಾಕು ಕಡೆ ನೋಡಿದರು.

ಲಗ್ನವಾದಾಗಿನಿಂದ ಪತಂಗದ ದಾರ ಎಳೆಯದ ಕಾಕು ಮುಂದೆ ಬಂದು ದಾರ ಹಿಡಿದರು. ಕಾಲು ಅಗಲಿಸಿದರು, ಬೆನ್ನು ನೆಟ್ಟಗೆ ಮಾಡಿದರು. ಮೊಣಕೈ ಪಕ್ಕೆಗೆ ಸವರಿ ಹಿಂದಕ್ಕೆ, ಮತ್ತೊಂದು ಮೊಣಕೈ ಹಿಂದಕ್ಕೆ... ಆ ಎಳೆತವನ್ನು ನಾನು ಎಷ್ಟು ಸಂಜೆ ನೋಡಿರಲಿಲ್ಲ! ನಮ್ಮ ಪತಂಗ ಬಾಣದಂತೆ ಮೇಲೇರಿತು. ಕೆಂಪು ಪತಂಗ ಒಮ್ಮೆ ತಲೆಯಾಡಿಸಿ, ದಾರ ಕಡಿದು, ತೇಲುತ್ತ ತೇಲುತ್ತ ಕೋಠಿ ಬಡಾವಣೆಯ ಕಡೆ ಹೊರಟಿತು.

"ಅಫಾ" ಎಂದು ಗಂಟಲು ಹರಿಯುವಂತೆ ಮೊದಲು ಕೂಗಿದವರು ಕಾಕಾ ಅವರ ಅಣ್ಣ. ಗೆದ್ದವರು ಕೂಗುವ ಕೂಗು ಅದು. ಸುತ್ತಲಿನ ತಾರಸಿಗಳವರೂ ಕೂಗಿದರು. ಕಾಕು ದಾರ ಹಿಡಿದುಕೊಂಡೇ ನಿಂತಿದ್ದರು, ಬೆರಳು ಕೊಯ್ದು ರಕ್ತ ಬಂದದ್ದೂ ಅವರಿಗೆ ಗೊತ್ತಾಗಲಿಲ್ಲ. ಊರ ಹೊರಗಿನ ಹೋಮಿನ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಆಮೇಲೆ ನನಗೆ ಮದುವೆಯಾಗಿ ಮಾದಾಪುರಕ್ಕೆ ಬಂದೆ. ಕಾಕು ಫೋನ್ ಮಾಡಿದಾಗಲೆಲ್ಲ ಕಾಕಾ ಎಷ್ಟು ನಡೆದರು ಎಂಬುದೇ ಮೊದಲ ಸುದ್ದಿ. ಕೋಲು ಹಿಡಿದು ಒಬ್ಬರೇ ಓಡಾಡುತ್ತಾರೆ, ಬೀಗ ತೆಗೆಯುತ್ತಾರೆ, ಅಣ್ಣನ ಜೊತೆ ಅಂಗಡಿಗೂ ಹೋಗಿ ಬಂದರು... ಹೋದ ವರ್ಷದ ಬೇಸಿಗೆಯಲ್ಲಿ ಫೋನ್ ಬಂದಾಗ ಮಾತಾಡಿದವರು ಕಾಕಾ ಅವರ ಅಣ್ಣ. ಜ್ವರವೆಂದು ಕಾಕು ಅವರನ್ನು ಆಸ್ಪತ್ರೆಗೆ ಸೇರಿಸಿದ್ದರಂತೆ, ಕೆಲವೇ ದಿನ... ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೊನ್ನೆ ಭಾನುವಾರ ಮನಸ್ಸು ತಡೆಯದೆ ಕಾಕಾ ಅವರನ್ನು ನೋಡಲು ಹೋದೆ. ಬಾಗಿಲು ತೆಗೆದವರು ಅವರೇ. ಅದೂ ಇದೂ ಮಾತಾಡಿದೆವು. ಕಾಕು ಅವರ ಕೊನೆಯ ದಿನಗಳ ಬಗ್ಗೆ ಅವರು ನನ್ನ ಹತ್ತಿರ ಎಂದೂ ಮಾತಾಡಿರಲಿಲ್ಲ. ಆವತ್ತು ತಾವಾಗಿಯೇ ಆ ಮಾತು ತೆಗೆದರು.

"ಆಸ್ಪತ್ರ್ಯಾಗ ನೀರು ಕೇಳಿದಳು. ಮಕ್ಕೊಂಡು ಕುಡಿಯಾಕ ಬರವಲ್ದು. ನರ್ಸ್ ಇರಲಿಲ್ಲ. ನಾನ ಬಗಲಾಗ ಕೈ ಹಾಕಿ ಎಬ್ಬಿಸಿ ಕುಂದರಿಸಿದ್ನಿ." ಕೈಯಲ್ಲಿದ್ದ ಕೋಲನ್ನು ಗೋಡೆಗೆ ಒರಗಿಸಿ ಅಂದರು, "ಇಷ್ಟು ದಿನ ನನ್ನ ಎತ್ತಿದಾಕಿ. ಭಾಳ ಗಟ್ಟಿ ಇದ್ದಳು ತಂಗಿ. ಆದರ ಎಬ್ಬಿಸಿದರ... ಎಷ್ಟು ಹಗುರ ಇದ್ದಳು."

ಅಷ್ಟು ಹೇಳಿ ನನಗೆ ಚಹಾ ಮಾಡಲೆಂದು ಕಾಕಾ ಎದ್ದರು. ನಾನು ಏಳಹೋದರೆ ಬೇಡವೆಂದು ಕೈ ಅಲ್ಲಾಡಿಸಿದರು. ಅಡುಗೆಮನೆಯಲ್ಲಿ ಅವರು ಪಾತ್ರೆ ಹುಡುಕುವ ಸದ್ದು ಕೇಳುತ್ತಿತ್ತು. ಯಾವ ಡಬ್ಬಿಯಲ್ಲಿ ಏನಿದೆಯೆಂದು ಹೇಳುವವರಿಲ್ಲದ ಆ ಮನೆಯಲ್ಲಿ, ನಾನು ಚಹಾಕ್ಕಾಗಿ ಕಾಯುತ್ತ ಕೂತಿದ್ದೆ.