ಜಗಳೂರಿನಿಂದ ಬಂದ ಐದು ಸಂಖ್ಯೆ

ಮೊನ್ನೆ ಹೊಸ ಫೋನು ಕೊಂಡೆ. ಗುಂಡಿ ಒತ್ತಿದ್ದೇ ತಡ, ಭಾಷೆ ಯಾವುದು, ಊರು ಯಾವುದು, ಅಕ್ಷರ ದಪ್ಪ ಬೇಕೋ ಸಣ್ಣ ಬೇಕೋ ಎಂದು ಹೆಣ್ಣು ನೋಡಲು ಬಂದವರ ಹಾಗೆ ವಿಚಾರಿಸತೊಡಗಿತು. ಎಲ್ಲಕ್ಕೂ ಹೂಂ ಎಂದೆ. ಯಂತ್ರ ಏನಾದರೂ ಕೇಳಿದರೆ ನನಗೆ ಈಗಲೂ ದಿಗಿಲು. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಹೊನ್ನಾಳಿಗೆ ಕರೆದುಕೊಂಡು ಹೋಗಬೇಕು, ಅದೂ ಎಂಬತ್ತರ ದಶಕದ ಕೊನೆಗೆ.

ಅಲ್ಲಿ ಒಂದು ಸಣ್ಣ ಕಚೇರಿಯಲ್ಲಿ ನಾನು ಹಂಗಾಮಿ ಆಪರೇಟರು. ಯಾವ ಊರಲ್ಲಿ ಎಷ್ಟು ಎಕರೆಗೆ ಏನು ಬಿತ್ತಿದ್ದಾರೆ ಎಂಬ ಪಟ್ಟಿಯನ್ನು ಕಂಪ್ಯೂಟರಿಗೆ ತುಂಬುವುದು ಕೆಲಸ. ಯಂತ್ರದ ಕೋಣೆಗೆ ಎಲ್ಲರೂ ಚಪ್ಪಲಿ ಬಿಟ್ಟು ಬರುತ್ತಿದ್ದರು. ಧೂಳಿಗೆ ಹೆದರಿಯೋ ಭಕ್ತಿಯಿಂದಲೋ ನನಗೆ ಗೊತ್ತಾಗುತ್ತಿರಲಿಲ್ಲ. ಒಂದು ಯಂತ್ರಕ್ಕೆ ಮೂರು ಪರದೆ. ಇಬ್ಬರು ಕೂತರೆ ಸರಿ, ಮೂರನೆಯವರು ಕೂತರೆ ಎಲ್ಲವೂ ಗರ ಬಡಿದಂತೆ ನಿಂತುಬಿಡುತ್ತಿತ್ತು.

ಒಳಗೆ ಕರ್ನಲ್ ಎಂಬ ಮೂಲ ಪ್ರೋಗ್ರಾಮು ಇದೆ, ಒಮ್ಮೆಗೆ ಎಷ್ಟು ಕೆಲಸಕ್ಕೆ ಜಾಗ, ಎಷ್ಟು ಫೈಲು ತೆರೆಯಬಹುದು ಎಂಬುದನ್ನೆಲ್ಲ ಅದೇ ತೀರ್ಮಾನಿಸುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಬೇಕಾದ ಸಂಖ್ಯೆಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟರೆ, ದಿನಾ ಯಂತ್ರ ಏಳುವಾಗ ಕರ್ನಲ್ಲು ಅದನ್ನು ಓದಿಕೊಂಡು ಹಾಗೇ ನಡೆಯುತ್ತದಂತೆ. ನಾನು ತಲೆ ಆಡಿಸಿದ್ದೆ. ತಲೆ ಆಡಿಸುವುದನ್ನು ಬಿಟ್ಟರೆ ಆ ತರಬೇತಿಯಿಂದ ನಾನು ಕಲಿತದ್ದು ಕಡಿಮೆ.

"ಜಗಳೂರಾಗೆ ಇಂಥದೇ ಯಂತ್ರ ಐತೆ, ಚಲೋ ನಡೀತೈತೆ. ಅವರ ಸಂಖ್ಯೆ ತರಿಸಿ ಹಾಕ್ರಿ," ಎಂದರು ಸಾಹೇಬರು. "ಸೋಮವಾರ ಕಂಪನಿ ಎಂಜಿನಿಯರ್ ಬರ್ತಾರೆ. ಅವರು ಹೋಗೋದ್ರಾಗೆ ಸರಿಯಾದ್ರೆ ನಿಮ್ಮನ್ನ ಕಾಯಂ ಮಾಡಾಕೆ ಬರೀತೀನಿ. ಇಲ್ಲಾಂದ್ರೆ ಯಂತ್ರ ವಾಪಸ್ ಹೋಗ್ತೈತೆ."

ಯಂತ್ರ ವಾಪಸ್ ಹೋದರೆ ನಾನೂ ಚನ್ನಗಿರಿಗೆ ವಾಪಸ್. ಅಲ್ಲಿ ಅಣ್ಣ ಒಂದು ಗಂಡು ಗೊತ್ತುಮಾಡಿಕೊಂಡು ಕೂತಿದ್ದ. ಕೆಲಸ ಕಾಯಂ ಆಗುವವರೆಗೆ ಮದುವೆಯ ಮಾತು ಎತ್ತಬೇಡ ಎಂದು ಅತ್ತು ಕರೆದು ಒಪ್ಪಿಸಿ ಬಂದಿದ್ದೆ. ಆ ಗಂಡನ್ನು ನಾನು ಒಮ್ಮೆ ನೋಡಿದ್ದೆ. ಅಷ್ಟು ಸಾಕಾಗಿತ್ತು.

ಜಗಳೂರಿಗೆ ಹೋಗಿಬಂದವರು ಟಪಾಲು ನೋಡುವ ಗುಮಾಸ್ತರು ಚಂದ್ರಪ್ಪನವರು. ನಿವೃತ್ತಿಗೆ ಹತ್ತಿರದ ವಯಸ್ಸು, ಕಚೇರಿಗೇ ಒಳ್ಳೆಯ ಅಕ್ಷರ. "ಫೋನಾಗೆ ಕೇಳಿದ್ರೆ ಫಿಫ್ಟಿ ಅಂದಿದ್ದು ಫಿಫ್ಟೀನಾಗ್ತೈತವ್ವಾ, ನಾನೇ ನಕಲು ಮಾಡ್ಕೊಂಡು ಬರ್ತೀನಿ," ಎಂದು ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೋದರು. ಮರುದಿನ ಹುರಿದ ಶೇಂಗಾದ ಪೊಟ್ಟಣ ಮತ್ತು ಒಂದು ಚೀಟಿ ತಂದುಕೊಟ್ಟರು. ಚೀಟಿಯಲ್ಲಿ ಮುತ್ತಿನಂಥ ಐದು ಸಂಖ್ಯೆ: ನೂರಾ ಒಂದು, ಐವತ್ತೊಂದು, ಇನ್ನೂರಾ ಒಂದು, ಅರವತ್ತೊಂದು, ನೂರಾ ಐವತ್ತೊಂದು.

ಹಾಗೇ ಫೈಲಿಗೆ ಬರೆದೆ. ಯಂತ್ರ ಆರಿಸಿ ಹೊತ್ತಿಸಿದೆ. ಅರ್ಧ ಎದ್ದು ಅಲ್ಲೇ ನಿಂತುಬಿಟ್ಟಿತು.

ಫ್ಲಾಪಿ ಹಾಕಿ ಹಳೆಯ ಸಂಖ್ಯೆಗಳ ಮೇಲೆ ಎಬ್ಬಿಸಿ ತಾಳೆ ನೋಡಿದೆ. ಚೀಟಿಯಲ್ಲಿದ್ದದ್ದೇ ಫೈಲಿನಲ್ಲಿತ್ತು. ಆರಿಸಿದೆ, ಹೊತ್ತಿಸಿದೆ, ಮತ್ತೆ ಅದೇ. ಜಗಳೂರಲ್ಲಿ ಏಳುವ ಯಂತ್ರ ಹೊನ್ನಾಳಿಯಲ್ಲಿ ಏಳುವುದಿಲ್ಲವೆಂದರೆ ಏನರ್ಥ? ಸ್ಟೆಬಿಲೈಸರು ಬದಲಿಸಿದೆವು. ಮೇಜನ್ನು ಉತ್ತರಕ್ಕೆ ತಿರುಗಿಸಿದೆವು. ಹೊಳೆಯ ಗಾಳಿಯ ತಂಪು ಇರಬಹುದೆಂದು ಕಿಟಕಿ ಮುಚ್ಚಿದೆವು, ಸೆಕೆ ಇರಬಹುದೆಂದು ತೆರೆದೆವು. ಸಾಹೇಬರು ದಿನಕ್ಕೆರಡು ಬಾರಿ ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಂಡು ಹೋಗುತ್ತಿದ್ದರು. ಭಾನುವಾರ ನಾನು ಪೆಟ್ಟಿಗೆಗೆ ಬಟ್ಟೆ ಮಡಿಸಿಟ್ಟುಕೊಂಡೆ.

ಸೋಮವಾರ ಎಂಜಿನಿಯರ್ ಬಂದರು. ಜಗಳೂರಿನ ಯಂತ್ರವನ್ನೂ ಕೂರಿಸಿದವರು ಅವರೇ ಆದ್ದರಿಂದ ಅಲ್ಲಿನ ಸಂಖ್ಯೆಗಳ ಮೂಲ ಪ್ರತಿ ಅವರ ಚೀಲದಲ್ಲೇ ಇತ್ತು. ನಮ್ಮ ಚೀಟಿಯ ಪಕ್ಕ ಇಟ್ಟರು. ಅಲ್ಲಿ ನೂರು, ಇಲ್ಲಿ ನೂರಾ ಒಂದು. ಅಲ್ಲಿ ಐವತ್ತು, ಇಲ್ಲಿ ಐವತ್ತೊಂದು. "ಉಳಿದವು ಒಂದು ಹೆಚ್ಚಾದ್ರೆ ನಡೀತದೆ. ಈ ಇನ್ನೂರು ಮಾತ್ರ ನಾಲ್ಕರಿಂದ ಭಾಗ ಆಗ್ಲೇಬೇಕು," ಎಂದು ಕನ್ನಡಕ ತೆಗೆದು, "ಯಾರು ಬರೆದಿದ್ದು?" ಎಂದು ಕೇಳಿದರು.

"ಚಂದ್ರಪ್ಪನೋರು," ಎಂದೆ. ಉಸಿರು ತೆಗೆದುಕೊಳ್ಳುವಷ್ಟೂ ತಡ ಮಾಡಲಿಲ್ಲ.

ಅವರು ಟಪಾಲಿನ ಮೇಜಿನಿಂದ ಎದ್ದು ಬಂದರು. "ಸೊನ್ನಿಗೆ ನಿಲ್ಲಿಸಬಾರದಲ್ರೀ ಸಾರ್. ಮದುವ್ಯಾಗೆ ಮುಯ್ಯಿ ಹಾಕಿದ್ರೂ ನೂರಾ ಒಂದೇ ಹಾಕ್ತೀವಿ. ಈ ಹುಡುಗಿ ಕೆಲಸ ಮುಂದುವರೀಲಿ ಅಂತ ಒಂದೊಂದು ಸೇರಿಸಿದೆ," ಎಂದರು. ಕಚೇರಿಗೆ ಕಚೇರಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಾಹೇಬರೂ ನಕ್ಕರು. ನಾನೂ ನಕ್ಕೆ, ಅದನ್ನೂ ಹೇಳಿಬಿಡುತ್ತೇನೆ.

ಇನ್ನೂರಾ ಒಂದನ್ನು ಇನ್ನೂರು ಮಾಡಿದ ಮೇಲೆ ಯಂತ್ರ ಎದ್ದಿತು, ಮೂರನೆಯವರು ಕೂತರೂ ನಿಲ್ಲಲಿಲ್ಲ. ನಾನು ಕಾಯಂ ಆದೆ. ಚಂದ್ರಪ್ಪನವರಿಗೆ ಆಮೇಲೆ ಯಾರೂ ನಕಲು ಮಾಡಲು ಕಾಗದ ಕೊಡಲಿಲ್ಲ. ಅಷ್ಟು ಒಳ್ಳೆಯ ಅಕ್ಷರ ಲಕೋಟೆಯ ವಿಳಾಸಕ್ಕೆ ಮಾತ್ರ ಉಳಿಯಿತು. ಆದರೆ ಒಂದು ಮಾತು ನಾನು ಯಾರಿಗೂ ಹೇಳಿರಲಿಲ್ಲ. ಚೀಟಿ ಕೈಗೆ ಬಂದಾಗ ಎಲ್ಲ ಸಂಖ್ಯೆಯೂ ಒಂದಕ್ಕೆ ಮುಗಿಯುವುದನ್ನು ನಾನು ನೋಡಿದ್ದೆ. ನೋಡಿ, ಶುಭವಾಗಿದೆ ಎಂದು ಸಮಾಧಾನಪಟ್ಟಿದ್ದೆ. ಯಂತ್ರಕ್ಕೆ ಮುಯ್ಯಿಯ ಹಂಗಿಲ್ಲವೆಂಬುದು ತರಬೇತಿ ಪಡೆದವಳಿಗೂ ಹೊಳೆದಿರಲಿಲ್ಲ. ತಪ್ಪು ಇಬ್ಬರದು, ನಗೆಪಾಟಲಾದವರು ಒಬ್ಬರು. ಒಳ್ಳೆಯದನ್ನು ಬಯಸಿದವರ ಮೇಲೆ ಬೆರಳು ತೋರಿಸಲು ನನಗೆ ಹೇಗೆ ಮನಸ್ಸು ಬಂತೋ, ಇವತ್ತಿಗೂ ಬಗೆಹರಿದಿಲ್ಲ.

ಹೊಸ ಫೋನು ಇದನ್ನೆಲ್ಲ ಕೆದಕಿದ ಮೇಲೆ, ಈ ಭಾನುವಾರ ನ್ಯಾಮತಿಗೆ ಹೋದೆ. ಚಂದ್ರಪ್ಪನವರು ತೀರಿಕೊಂಡು ಬಹಳ ವರ್ಷವಾಯಿತು. ಮಗಳು ಅಲ್ಲಿ ಹೊಲಿಗೆ ಅಂಗಡಿ ನಡೆಸುತ್ತಾಳೆ. ನನ್ನ ಹೆಸರು ಹೇಳುತ್ತಲೇ ಗುರುತು ಹಿಡಿದಳು.

"ನೀವೇ ಏನ್ರೀ ಅವರು? ನಾನು ಒಂದೊಂದು ಸೇರಿಸಿದ್ದಕ್ಕೇ ಆ ಹುಡುಗಿ ಕೆಲಸ ಉಳೀತು ಅಂತ ಅಪ್ಪ ಕೊನೀತನಕ ಹೇಳ್ತಿದ್ರು. ಖರೇನೇನ್ರೀ?"

"ಖರೇರೀ," ಎಂದೆ. ಆಮೇಲೆ, ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆಲ್ಲ ಮರೆತು, "ಅವತ್ತು ಎಲ್ಲರ ಮುಂದೆ ಅವರ ಹೆಸರು ಹೇಳಿದೋಳು ನಾನು," ಎಂದಷ್ಟೇ ಹೇಳಿದೆ.

"ಅದೂ ಹೇಳಿದ್ರು," ಎಂದಳು ಆಕೆ, ಸೂಜಿಗೆ ದಾರ ಪೋಣಿಸುತ್ತ. "ಪಾಪ, ಹೆದರಿತ್ತು ಕೂಸು, ಅಂತಿದ್ರು."